ಉಣ್ಣಿಗಿಡದ ಆನೆ

ಫೆಬ್ರವರಿ 8, ಶನಿವಾರ

ಮಸಿನಗುಡಿಯಲ್ಲಿ ಕತ್ತಲಾಗುವ ಮುಂಚೆ ಗೇಟಿಗೆ ಬೀಗ ಹಾಕಿದರೆ ಆಮೇಲೆ ದೊಡ್ಡವರಿಗೆ ಮಾಡಲು ಏನೂ ಇರುವುದಿಲ್ಲ. ಮಕ್ಕಳು ಓದುತ್ತಾರೆ, ಇಲ್ಲವೇ ಓದುವವರ ಹಾಗೆ ಕೂರುತ್ತಾರೆ. ಟೀವಿ ಕೆಟ್ಟಿದೆ. ಅಡುಗೆಯ ಮಲರ್‌ಕೊಡಿಗೆ ನನ್ನ ಕನ್ನಡ ತಿಳಿಯದು, ನನಗೆ ಅವಳ ತಮಿಳು ತಿಳಿಯದು. ಸಾರಿಗೆ ಉಪ್ಪು ಎಷ್ಟು ಅನ್ನುವಷ್ಟರಲ್ಲಿ ನಮ್ಮ ಮಾತು ಮುಗಿಯುತ್ತದೆ. ಅದಕ್ಕೇ ಇವತ್ತಿನಿಂದ ಬರೆಯಲು ಕೂತಿದ್ದೇನೆ.

ಗುಂಡ್ಲುಪೇಟೆಯಲ್ಲಿ ಹುಟ್ಟಿ, ಮೈಸೂರಿನ ಹಾಸ್ಟೆಲುಗಳಲ್ಲಿ ವಾರ್ಡನ್ ಆಗಿ ಕೂದಲು ನರೆಸಿಕೊಂಡವಳು ನಾನು. ಹೋದ ಆಗಸ್ಟಿನಲ್ಲಿ ಟ್ರಸ್ಟಿನವರು "ಸ್ವಲ್ಪ ದಿನ ನೋಡಿಕೊಳ್ಳಿ ದೇವೀರಮ್ಮ" ಅಂತ ಈ ಮಕ್ಕಳ ಮನೆಗೆ ಕಳಿಸಿದರು. ಅಪ್ಪ ಅಮ್ಮ ಇಲ್ಲದ ಮಕ್ಕಳು. ಕಾಡಂಚಿನ ಹಾಡಿಗಳವರು ಕೆಲವರು, ಟೀ ಎಸ್ಟೇಟುಗಳ ಕಡೆಯವರು ಕೆಲವರು. ಕನ್ನಡ ಎಲ್ಲರಿಗೂ ಅಷ್ಟಿಷ್ಟು ಬರುತ್ತದೆ, ಮಕ್ಕಳ ಬಗ್ಗೆ ನನ್ನದೇನೂ ದೂರಿಲ್ಲ. ದೂರು ಇರುವುದು ಊರಿನ ಬಗ್ಗೆ. ಇಲ್ಲಿ ಆನೆ ರಸ್ತೆಯಲ್ಲಿ ಓಡಾಡುತ್ತದೆ, ನಾವು ಬೇಲಿಯೊಳಗೆ ಇರುತ್ತೇವೆ. ನಾನು ಹೆದರುವವಳಲ್ಲ. ಆದರೆ ಗೇಟು ದಾಟಿ ನಡೆದು ಹೋಗುವ ಕೆಲಸವೂ ನನಗಿಲ್ಲ. ಬೇಕಾದ್ದನ್ನು ಜೀಪಿನವರು ತಂದು ಕೊಡುತ್ತಾರೆ. ಮೈಸೂರಿಗೆ ವಾಪಸ್ಸು ಹಾಕಿಸಿಕೊಡಿ ಎಂದು ಕೇಳಿದ್ದೇನೆ.

ಇವತ್ತು ಕೂನೂರಿನಿಂದ ತೇನ್ಮೊಳಿ ಎಂಬ ಹುಡುಗಿ ಬಂದಳು. ಬೆಟ್ಟದ ಬಡಗರವಳು, ಅವರ ಮಾತು ನಮ್ಮ ಕನ್ನಡಕ್ಕೆ ಹತ್ತಿರ. ಮನೆಯಲ್ಲಿ ಚೂರು ಟೀ ತೋಟವಿದೆಯಂತೆ, ಚಿತ್ರಕಲೆ ಓದಿದ್ದಾಳಂತೆ. ಶನಿವಾರ, ಭಾನುವಾರ ಬಂದು ಕಲಾ ತರಗತಿ ನಡೆಸುತ್ತಾಳೆ. ಮೇ ತಿಂಗಳಲ್ಲಿ ಊಟಿಯಲ್ಲಿ ಬೇರೆ ಬೇರೆ ಮಕ್ಕಳ ಮನೆಗಳವರು ಸೇರಿ ಮೆರವಣಿಗೆ ಮಾಡುತ್ತಾರೆ. ಅದಕ್ಕೆ ನಮ್ಮವರು ಉಣ್ಣಿಗಿಡದ ಕಡ್ಡಿಯಿಂದ ದೊಡ್ಡದೊಂದು ಪ್ರಾಣಿ ಕಟ್ಟಬೇಕು. ಉಣ್ಣಿಗಿಡ ಅಂದರೆ ಲಂಟಾನ. ಇಡೀ ಕಾಡನ್ನೇ ನುಂಗಿಕೊಂಡು ಬೆಳೆದಿರುವ ಆ ಮುಳ್ಳುಪೊದೆ.

"ಯಾವ ಪ್ರಾಣಿ ಮಾಡೋಣ?" ಅಂದಳು. ಕಾಡುಕೋಣ, ನವಿಲು ಎಂದೆಲ್ಲ ಕೂಗಿದರು. ರಾಜು ಜೀಪು ಅಂದ. ಕೊನೆಗೆ ಯಾರೋ ಆನೆ ಅಂದರು. ನಾನು ತಟ್ಟನೆ ಹಿಂದೆ ತಿರುಗಿ ನೋಡಿದೆ. ಯಾಕೆಂದರೆ ಅಡುಗೆಮನೆ ಬಾಗಿಲಲ್ಲಿ ಚಿನ್ನಿ ಕೂತಿದ್ದಳು.

ಚಿನ್ನಿಗೆ ಒಂಬತ್ತು ವರ್ಷ. ತಾಯಿ ಮೊದಲೇ ಇಲ್ಲ. ತಂದೆ ಅರಣ್ಯ ಇಲಾಖೆಯಲ್ಲಿ ವಾಚರ್ ಆಗಿದ್ದವನು, ನವೆಂಬರಿನಲ್ಲಿ ಆನೆ ತುಳಿದು ಸತ್ತ. ಡಿಸೆಂಬರಿನಲ್ಲಿ ಅವಳ ಅಜ್ಜಿ ತಂದು ಇಲ್ಲಿ ಬಿಟ್ಟಳು. ಅಂದಿನಿಂದ ಹುಡುಗಿ ಗೇಟು ದಾಟಿಲ್ಲ. ಶಾಲೆಗೆ ಅಂತ ಹೊರಡಿಸಿದರೆ ಕಂಬ ಹಿಡಿದುಕೊಂಡು ನಿಂತುಬಿಡುತ್ತಾಳೆ. ದಿನವಿಡೀ ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಾಳೆ. ಆನೆಗಳಿಲ್ಲದ ಊರಾದರೆ ಸರಿಹೋದಾಳು, ಕೊಯಮತ್ತೂರಿನಲ್ಲಿರುವ ಟ್ರಸ್ಟಿನ ಮಕ್ಕಳ ಮನೆಗೆ ಕಳಿಸಿ ಎಂದು ನಾನೇ ಟ್ರಸ್ಟಿಗೆ ಹೇಳಿದ್ದೇನೆ.

ಆನೆಗೆ ಯಾರ್‍ಯಾರು ಕೈ ಎತ್ತುತ್ತೀರಿ ಎಂದಾಗ ಆ ಚಿನ್ನಿಯೇ ಎಲ್ಲರಿಗಿಂತ ಮೊದಲು ಕೈ ಎತ್ತಿದಳು.

ಫೆಬ್ರವರಿ 9, ಭಾನುವಾರ

ತೇನ್ಮೊಳಿಯನ್ನು ಒಳಗೆ ಕರೆದು ಬೈದೆ. "ಪ್ರಪಂಚದಲ್ಲಿ ಬೇರೆ ಪ್ರಾಣಿ ಇರಲಿಲ್ಲವಾ? ಆ ಮಗುವಿನ ಮುಂದೆ ನಾವು ಆನೆ ಅನ್ನುವ ಪದ ಕೂಡ ಎತ್ತುವುದಿಲ್ಲ. ಕೆಲಸದವರಿಗೆಲ್ಲ ಹೇಳಿಟ್ಟಿದ್ದೇನೆ."

ತೇನ್ಮೊಳಿ ತಲೆ ತಗ್ಗಿಸಿ ಕೇಳಿಸಿಕೊಂಡಳು. ಆಮೇಲೆ ಮೆಲ್ಲಗೆ, "ನಾ ಹೇಳಲಿಲ್ಲ ಅಮ್ಮಾ. ಅವಳೇ ಕೈ ಎತ್ತಿದ್ದು. ಈಗ ಬೇಡ ಅಂದ್ರೆ, ನೀ ಹೇಳಿದ್ದನ್ನ ನಾವು ಕೇಳಲ್ಲ ಅಂತ ಅವಳಿಗೆ ಹೇಳಿದಂಗೆ ಆಗಲ್ವಾ?" ಅಂದಳು.

ನಿನ್ನ ಜವಾಬ್ದಾರಿ ಅಂದೆ. "ಸೆರಿ ಅಮ್ಮಾ," ಅಂದಳು. ಇಪ್ಪತ್ತೈದು ವರ್ಷ ವಯಸ್ಸಿನ ಮೇಷ್ಟ್ರುಗಳು ಸಾಮಾನ್ಯವಾಗಿ ಮಾತಿಗೆ ಮುಂಚೆ ಯೋಚಿಸುವುದಿಲ್ಲ. ಇವಳು ಯೋಚಿಸುತ್ತಾಳೆ, ಅದೇ ತಲೆನೋವು.

ಫೆಬ್ರವರಿ 16, ಭಾನುವಾರ

ಸ್ನಾನದ ನೀರಿನ ಹಂಡೆ ಹೋಯಿತು. ಅದರಲ್ಲಿ ಉಣ್ಣಿಗಿಡದ ಕಡ್ಡಿ ಬೇಯಿಸುತ್ತಾರೆ. ಬೆಂದ ಕಡ್ಡಿಯನ್ನು ಬಿಸಿ ಆರುವ ಮುಂಚೆ ಸಿಪ್ಪೆ ಸುಲಿದರೆ ಹೇಳಿದ ಹಾಗೆ ಬಾಗುತ್ತದೆ. ಆರಿದ ಮೇಲೆ ಆ ಬಾಗು ಹಾಗೇ ನಿಲ್ಲುತ್ತದೆ. ಅಂಗಳದ ತುಂಬ ಸಿಪ್ಪೆ, ಹೊಗೆ, ಕೂಗಾಟ. ದೊಡ್ಡ ಹುಡುಗಿ ಸಂಗೀತಾ ಸಿಪ್ಪೆ ಸುಲಿಯುತ್ತಾ ಏನೋ ಹಾಡಿದಳು, ಉಳಿದವರು ಸೊಲ್ಲು ಹಿಡಿದರು. ಆ ಹುಡುಗಿ ಹಾಡುತ್ತಾಳೆ ಎಂದು ಆರು ತಿಂಗಳಿಂದ ನನಗೆ ಗೊತ್ತಿರಲಿಲ್ಲ.

ಚಿನ್ನಿ ಬಂದು ಕೂತಳು. ತೇನ್ಮೊಳಿಯನ್ನು ಕೇಳಿದ್ದು ಒಂದೇ ಮಾತು: "ತೇನಕ್ಕ, ಇದು ನಿಜವಾದ್ದರಷ್ಟೇ ಎತ್ರ ಇರ್ತದಾ?"

"ಎಷ್ಟು ಬೇಕು ನಿನಗೆ?"

"ನಿಜವಾದ್ದರಷ್ಟು."

"ಅಷ್ಟೇ ಮಾಡೋಣ. ಒಳ್ಳಿತ್ತು."

ಒಳ್ಳಿತ್ತು ಅಂದರೆ ಅವರ ಭಾಷೆಯಲ್ಲಿ ಚೆನ್ನಾಯಿತು, ಒಳ್ಳೆಯದಾಯಿತು ಅಂತ. ಎಲ್ಲದಕ್ಕೂ ಅದನ್ನೇ ಅನ್ನುತ್ತಾಳೆ. ಸಂಜೆ ಮಕ್ಕಳು ತಣ್ಣೀರಿನಲ್ಲಿ ಸ್ನಾನ ಮಾಡಿ ಹಲ್ಲು ಕಟಕಟಿಸುತ್ತಾ ನಗುತ್ತಿದ್ದರು. ಅದಕ್ಕೂ ಒಳ್ಳಿತ್ತು ಅಂದಳು. ನನಗೆ ಅಲ್ಲಿ ಒಳ್ಳೆಯದು ಏನೂ ಕಾಣಲಿಲ್ಲ.

ಫೆಬ್ರವರಿ 22, ಶನಿವಾರ

ಹೊಸ ಪೊರಕೆ ಕಾಣಿಸುತ್ತಿಲ್ಲ. ಆನೆಗೆ ಬಾಲ ಬಂದಿದೆ.

ಮಾರ್ಚ್ 5, ಬುಧವಾರ

ಮಕ್ಕಳು ಶಾಲೆಗೆ ಹೋದ ಮೇಲೆ ಮನೆಯಲ್ಲಿ ನಾವು ಮೂವರೇ. ಚಿನ್ನಿ ನಾಲ್ಕನೇ ಕ್ಲಾಸಿನ ಪುಸ್ತಕ ಹಿಡಿದುಕೊಂಡು ಬಂದು, "ವಾರ್ಡನಮ್ಮ, ಇದ್ನ ಹೇಳ್ಕೊಡಿ" ಅಂದಳು. ತಮಿಳು ಪುಸ್ತಕ. ನನಗೆ ಓದಲು ಬರುವುದಿಲ್ಲ ಅಂದೆ. ಅವಳು ನಂಬಲಿಲ್ಲ.

"ಇಷ್ಟು ದೊಡ್ಡವ್ರಾಗಿದ್ದೀರಿ. 'ಅ' ಕೂಡ ಬರಲ್ವಾ?"

"ಬರಲ್ಲ."

ಹೋಗಿ ಸ್ಲೇಟು ತಂದಳು. ಒಂದು ಅಕ್ಷರ ಬರೆದು ಅದರ ಮೇಲೆ ತಿದ್ದಲು ಹೇಳಿದಳು. ನನ್ನ 'ಅ' ನೋಡಿ, ಹೊಟ್ಟೆ ಇನ್ನೂ ದಪ್ಪ ಬರಬೇಕು ಅಂದಳು. ಮಲರ್‌ಕೊಡಿ ಒಗ್ಗರಣೆ ಬಿಟ್ಟು ಬಂದು ನಿಂತು ನಕ್ಕಳು. ಬಳಪ ತೋರಿಸಿ ಚಿನ್ನಿ ಅವಳನ್ನೂ ತಮಿಳಿನಲ್ಲಿ ಗದರಿಸಿ, ನನಗೆ ಅರ್ಥ ಹೇಳಿದಳು: "ಓದೋರ ಮುಂದೆ ನಗ್ಬಾರದು."

ಮೇಷ್ಟರಾಗಿ ಹುಡುಗಿ ಪರವಾಗಿಲ್ಲ. ಸ್ವಲ್ಪ ಕಟ್ಟುನಿಟ್ಟು ಜಾಸ್ತಿ.

ಮಾರ್ಚ್ 15, ಶನಿವಾರ

ಆನೆಯ ಕಿವಿಗೆ ಗೋಣಿಚೀಲ ಕತ್ತರಿಸಿದ್ದಾರೆ. ರಾಜು ಅದನ್ನು ತಲೆಗೆ ಸುತ್ತಿಕೊಂಡು ಅಂಗಳದಲ್ಲಿ ಓಡಿ, ಮೊಳೆಗೆ ಸಿಕ್ಕಿಸಿ ಅಂಚು ಹರಿದ. ನಿಜವಾದ ಆನೆಗಳ ಕಿವಿಯೂ ಹರಿದಿರುತ್ತದೆ, ಹಾಗೇ ಇರಲಿ ಎಂದು ಸಂಗೀತಾ ಹೇಳಿದಳು. ಚಿನ್ನಿ ಸೂಜಿ ದಾರ ಕೇಳಿ ತೆಗೆದುಕೊಂಡು ಹೋಗಿ ಮಧ್ಯಾಹ್ನವೆಲ್ಲ ಕೂತು ಹೊಲಿದಳು. ಊಟಕ್ಕೂ ಏಳಲಿಲ್ಲ. ಹೊಲಿಗೆ ಎಷ್ಟು ಸಣ್ಣಗಿದೆ ಅಂದರೆ ಹರಿದದ್ದು ಎಲ್ಲಿ ಎಂದು ಹುಡುಕಬೇಕು.

ಅವಳ ತಂದೆಯನ್ನು ಕೊಂದ ಆನೆಯ ಕಿವಿ ಅಂಚಿನಲ್ಲಿ ಹರಿದಿತ್ತು ಎಂದು ಮಾರ ನನಗೆ ಹೇಳಿದ್ದು ನೆನಪಾಯಿತು. ಮಾರ ಅಂದರೆ ಬೆಳಿಗ್ಗೆ ನಮ್ಮ ಮಕ್ಕಳ ಜೊತೆ ಶಾಲೆಯವರೆಗೆ ನಡೆದು ಹೋಗುವ ವಾಚರ್. ಅವಳ ತಂದೆಯ ಜೊತೆಗೇ ಕೆಲಸ ಮಾಡುತ್ತಿದ್ದವನು.

ಅನ್ನ ಕಲಸಿಕೊಂಡು ಹೋಗಿ ಅವಳ ಪಕ್ಕ ಕೂತು ತುತ್ತು ಕೊಟ್ಟೆ. ಸೂಜಿ ಬಿಡದೆ ಬಾಯಿ ತೆರೆದಳು. ಗೋಣಿಯ ದೂಳಿಗೆ ನನ್ನ ಮೂಗು ಇನ್ನೂ ಸೋರುತ್ತಿದೆ.

ಮಾರ್ಚ್ 23, ಭಾನುವಾರ

ಇದನ್ನು ಸರಿಯಾಗಿ ಬರೆಯಬೇಕು.

ತಲೆ ಒಂದು ಬಿಟ್ಟು ಆನೆ ಎದ್ದು ನಿಂತಿದೆ. ಬೆನ್ನು ಜಗುಲಿಯ ಮಾಡಿಗೆ ತಾಗುತ್ತದೆ. ದೊಡ್ಡ ಮಕ್ಕಳೆಲ್ಲ ಹೊಟ್ಟೆಯೊಳಗೆ ನಿಂತು ಗಳು ಹಿಡಿದು ಎತ್ತಿದರೆ ಅಲ್ಲಾಡುತ್ತಾ ಹೆಜ್ಜೆ ಹಾಕುತ್ತದೆ. ಇವತ್ತು ರಜೆಯೆಂದು ಮಾರ ನೋಡಲು ಬಂದಿದ್ದ. ಚಿನ್ನಿ ಅವನ ಹತ್ತಿರ ಹೋದಳು.

"ಮಾರಮಾವ, ನೀವೂ ನಮ್ಮಪ್ಪನೂ ಒಂದೇ ಎತ್ರ ಅಲ್ವಾ?"

"ಹೂಂ ಕಣವ್ವ. ಒಬ್ರ ಯೂನಿಫಾರಂ ಇನ್ನೊಬ್ರು ಹಾಕ್ಕತಿದ್ವಿ."

"ಇಲ್ಲಿ ಬಂದು ನಿಂತ್ಕಳಿ."

ಅವನನ್ನು ಆನೆಯ ಮುಂಗಾಲಿನ ಪಕ್ಕ ನಿಲ್ಲಿಸಿದಳು. ಹಿಂದೆ ಹಿಂದೆ ಸರಿದು ಗೇಟಿನವರೆಗೆ ಹೋಗಿ ನೋಡಿದಳು. ಮತ್ತೆ ಹತ್ತಿರ ಬಂದು ನೋಡಿದಳು. ಮಕ್ಕಳೆಲ್ಲ ಆಟ ಬಿಟ್ಟು ಸುತ್ತ ಬಂದು ನಿಂತರು.

"ಕುಡೀದಿದ್ರೂ ಅಷ್ಟೇಯ," ಅಂದಳು. "ಓಡಿದ್ರೂ ಆಯ್ತಿರ್ಲಿಲ್ಲ."

"ಏನವ್ವ ಹಂಗಂದ್ರೆ?"

"ನಮ್ಮಪ್ಪ ಕುಡಿದಿತ್ತಂತೆ. ಅದ್ಕೇ ಓಡಕ್ಕಾಗ್ಲಿಲ್ವಂತೆ. ಇಲ್ಲಿಗೆ ಬರಕ್ ಮುಂಚೆ ಸ್ಕೂಲ್ನಲ್ಲಿ ಎಲ್ಲಾರೂ ಅಂತಿದ್ರು. ಇಷ್ಟು ದೊಡ್ಡದಾದ್ರೆ ಕುಡೀದೆ ಇದ್ರೂ ಓಡಕ್ಕಾಗಲ್ಲ."

ಮಾರ ಅಲ್ಲೇ ಕುಕ್ಕರುಗಾಲಲ್ಲಿ ಕೂತ.

"ಯಾರವ್ವ ಹಂಗಂದೋರು? ಅವತ್ತು ನಾವಿಬ್ರೂ ಡ್ಯೂಟಿ ಮುಗಿಸ್ಕಂಡು ಬತ್ತಿದ್ವಿ. ಕುಡಿದಿದ್ದು ಟೀ, ಅದೂವೆ ಸಕ್ಕರೆ ಇಲ್ದೆ. ತಿರುವಿನಲ್ಲಿ ಅದು ಪೊದೆಯಿಂದ ಎದ್ದು ಬಂತು. ನಿಮ್ಮಪ್ಪ ಮೊದ್ಲು ನನ್ನ ಹಳ್ಳಕ್ಕೆ ತಳ್ದ. ತಳ್ದಿದ್ಕೇ ನಾನು ಇವತ್ತು ಇಲ್ಲಿ ನಿಂತಿರಾದು."

ಚಿನ್ನಿ ಅವನ ಮುಖವನ್ನೇ ನೋಡುತ್ತಿದ್ದಳು. "ನಂಗ್ಯಾಕೆ ಯಾರೂ ಹೇಳ್ಲಿಲ್ಲ?"

"ನಿನ್ ಮುಂದೆ ಆನೆ ಮಾತೇ ಎತ್ಬೇಡಿ ಅಂದಿದ್ರು ಕಣವ್ವ."

ಅಂದವಳು ನಾನು. ಮೂರು ತಿಂಗಳಿಂದ ಈ ಹುಡುಗಿ ಆನೆಗೆ ಹೆದರಿ ಕಂಬ ಹಿಡಿಯುತ್ತಾಳೆ ಎಂದುಕೊಂಡಿದ್ದೆ. ಅವಳು ಹಿಡಿದುಕೊಂಡಿದ್ದದ್ದು ಅವರಪ್ಪನ ಮರ್ಯಾದೆಯನ್ನು.

ಚಿನ್ನಿ ಆನೆಯ ಹಿಂದಕ್ಕೆ ಹೋಗಿ ನೋಡಿ, "ಬಾಲ ಒಂಚೂರು ಮೇಲೆ ಕಟ್ಬೇಕು" ಅಂದಳು. ಎಲ್ಲರೂ ಮತ್ತೆ ಕೆಲಸಕ್ಕೆ ಹೋದರು. ತೇನ್ಮೊಳಿ ನೀರಿನ ತೊಟ್ಟಿಯ ಹಿಂದೆ ನಿಂತು ಅಳುತ್ತಿದ್ದಳು. ನನ್ನ ಸೆರಗು ಕೊಟ್ಟೆ.

ಮಾರ್ಚ್ 24, ಸೋಮವಾರ

ಕಾಫಿ ಕೂಡ ಕುಡಿಯದೆ ಶಾಲೆಗೆ ಹೋದೆ. ಜೀಪು ಬರುವುದು ಹತ್ತಕ್ಕೆ, ಅಲ್ಲಿಯವರೆಗೆ ಕಾಯುವ ಸಹನೆ ನನಗಿರಲಿಲ್ಲ. ದಾರಿಯುದ್ದಕ್ಕೂ ಏನೇನು ಬಯ್ಯಬೇಕು ಎಂದು ಜೋಡಿಸಿಕೊಳ್ಳುತ್ತಾ ಹೋದದ್ದರಿಂದ ಶಾಲೆ ಬಂದದ್ದೇ ತಿಳಿಯಲಿಲ್ಲ. ಅಲ್ಲಿಗೆ ಹೋಗುವಷ್ಟರಲ್ಲಿ ಚಪ್ಪಲಿಯ ಉಂಗುಷ್ಟ ಕಿತ್ತು ಬಂದಿತ್ತು. ಅದನ್ನು ಕೈಯಲ್ಲಿ ಹಿಡಿದುಕೊಂಡೇ ಹೆಡ್‌ಮಾಸ್ಟರ ಕೋಣೆಗೆ ಹೋದೆ. ಪಾಪ, ಅವರು ಚಪ್ಪಲಿ ನೋಡಿ ಎದ್ದು ನಿಂತರು.

ನಂಜುಂಡನ್ ಸಾರ್ ಒಳ್ಳೆಯವರು, ಕನ್ನಡ ಬಲ್ಲವರು. ಪೂರ್ತಿ ಕೇಳಿ, "ಮಕ್ಕಳಿಗೆ ಇದನ್ನ ನಾನು ಹೇಳಿದರೆ ಪಾಠ ಆಗುತ್ತದೆ. ಮಾರನೇ ಬಂದು ಹೇಳಲಿ," ಅಂದರು.

ಪೇಟೆಯಲ್ಲಿ ಉಂಗುಷ್ಟ ಹೊಲಿಸಿಕೊಂಡು, ಕೊತ್ತಂಬರಿ ಸೊಪ್ಪು ಕೊಂಡು ವಾಪಸ್ಸು ಬಂದೆ. ಸೊಪ್ಪು ಜೀಪಿನವರು ತರುವುದಕ್ಕಿಂತ ಎಷ್ಟೋ ಹಸಿರಾಗಿತ್ತು.

ಮಾರ್ಚ್ 29, ಶನಿವಾರ

ಗುರುವಾರ ಪ್ರಾರ್ಥನೆಯ ಹೊತ್ತಿಗೆ ಮಾರ ಯೂನಿಫಾರಂ ಹಾಕಿಕೊಂಡು ಹೋಗಿ ಮಾತಾಡಿದನಂತೆ. ಯಾರೂ ಕೆಮ್ಮಲೂ ಇಲ್ಲ ಎಂದು ರಾಜು ಹೇಳಿದ. ಇವತ್ತು ಚಿನ್ನಿಯ ಕ್ಲಾಸಿನ ಮಕ್ಕಳು ನಾಲ್ಕೈದು ಜನ ಆನೆ ನೋಡುವ ನೆಪ ಹೇಳಿಕೊಂಡು ಬಂದರು. ಒಬ್ಬಳು ತುಂಬಾ ಹೊತ್ತು ಗೇಟಿನಲ್ಲೇ ನಿಂತಿದ್ದು, ಆಮೇಲೆ ಬಂದು ಹುಣಸೆ ಮಿಠಾಯಿ ಚಿನ್ನಿಯ ಕೈಗೆ ತುರುಕಿ ಓಡಿಹೋದಳು. ಚಿನ್ನಿ ಅದನ್ನು ಅರ್ಧ ಕಚ್ಚಿ ಉಳಿದರ್ಧ ನನಗೆ ಕೊಟ್ಟಳು. ಹಲ್ಲು ಜುಮ್ಮೆಂದಿತು.

"ಶಾಲೆಗೆ ಹೋಗುತ್ತೀಯಾ ಈಗ?" ಅಂದೆ.

"ಆ ತಿರುವು ಅದೆಯಲ್ಲ ವಾರ್ಡನಮ್ಮ," ಅಂದಳು. ಅವಳಪ್ಪ ಸತ್ತ ತಿರುವು ಇರುವುದು ಶಾಲೆಯ ದಾರಿಯಲ್ಲೇ. ಆಮೇಲೆ, "ಜೂನ್‌ಗೆ ಹೋಗ್ತೀನಿ. ಆನೆ ಮುಗೀಲಿ."

ಏಪ್ರಿಲ್ 6, ಭಾನುವಾರ

ತಲೆ ಕೂರಿಸಿದರು. ಸೊಂಡಿಲಿಗೆ ಹಗ್ಗ ಕಟ್ಟಿ ರಾಜು ಒಳಗಿಂದ ಆಡಿಸುತ್ತಾನೆ. ಚಿನ್ನಿ ಮುಂದೆ ಬಿದಿರು ಕೋಲು ಹಿಡಿದು ನಿಂತು ಮಾವುತಳಾದಳು. ಅವಳು ನಡಿ ಅಂದರೆ ನಡೆಯಬೇಕು, ತಿರುಗು ಅಂದರೆ ತಿರುಗಬೇಕು. ಮೊದಲ ಸಲ ಮುಂಗಾಲಿನವರು ಎಡಕ್ಕೆ, ಹಿಂಗಾಲಿನವರು ಬಲಕ್ಕೆ ಹೋಗಿ ಹೊಟ್ಟೆಯೊಳಗೆ ಜಗಳ ಹತ್ತಿತು. ಆನೆ ತನ್ನನ್ನು ತಾನೇ ಬೈದುಕೊಳ್ಳುತ್ತಾ ನಿಂತದ್ದು ನೋಡಿ ಮಲರ್‌ಕೊಡಿ ನೆಲಕ್ಕೆ ಕೂತು ನಕ್ಕಳು. ಅಷ್ಟರಲ್ಲಿ ತೆರೆದ ಗೇಟಿನಿಂದ ಪಕ್ಕದ ಮನೆಯ ಹಸು ನುಗ್ಗಿ ಬಾಲವನ್ನು ತಿಂದುಬಿಟ್ಟಿತು.

ಇನ್ನೊಂದು ಪೊರಕೆ ನಾನೇ ಕೊಟ್ಟೆ. ಹಳೆಯದಲ್ಲ, ಹೊಸದೇ. ಬಾಲ ಚೆನ್ನಾಗಿ ಕಾಣಬೇಕಲ್ಲ.

ಏಪ್ರಿಲ್ 19, ಶನಿವಾರ

ಊಟಿಯಿಂದ ಟ್ರಸ್ಟಿನ ಗಿರಿಧರನ್ ಸಾರ್ ಫೋನು. ಕೊಯಮತ್ತೂರಿನ ಮನೆಯಲ್ಲಿ ಚಿನ್ನಿಗೆ ಜಾಗ ಆಗಿದೆಯಂತೆ, ಜೂನ್ ಒಂದರಿಂದ.

"ನೀವೇ ಕೇಳಿದ್ದಿರಿ," ಅಂದರು.

"ಕೇಳಿದ್ದೆ," ಅಂದೆ.

"ಏನು ಮಾಡೋಣ?"

"ಮೆರವಣಿಗೆಗೆ ನೀವು ಬರ್ತೀರಲ್ಲ ಸಾರ್, ಅಲ್ಲಿ ಮಾತಾಡೋಣ."

ಫೋನು ಇಟ್ಟು ಅಕ್ಕಿ ಆರಿಸಲು ಕೂತೆ. ಆರಿಸಿದ್ದ ಅಕ್ಕಿಯನ್ನೇ ಮತ್ತೆ ಆರಿಸುತ್ತಿದ್ದೇನೆ ಎಂದು ಚಿನ್ನಿ ತೋರಿಸಿದಳು. ಪ್ರತಿ ಭಾನುವಾರ ಅವಳ ಅಜ್ಜಿ ನೋಡಲು ಬರುತ್ತಾಳೆ, ಜೇನು ತರುತ್ತಾಳೆ. ಕೊಯಮತ್ತೂರಿಗೆ ಆ ಮುದುಕಿ ಎಲ್ಲಿಂದ ಹೋಗಬೇಕು?

ಮೇ 10, ಶನಿವಾರ

ಕೈ ನೋಯುತ್ತಿದೆ, ಆದರೂ ಬರೆದೇ ಮಲಗುತ್ತೇನೆ.

ಊಟಿಯ ಪಕ್ಕದ ನಂಜನಾಡಿನಿಂದ ಕ್ಯಾರೆಟ್ಟು, ಕೋಸು ತರುವ ಧರ್ಮಲಿಂಗಂ ಅವರ ಪಿಕಪ್ಪು ವಾಪಸ್ಸು ಖಾಲಿ ಹೋಗುತ್ತದೆ. ಅದರ ಮೇಲೆ ಆನೆಯನ್ನು ನಿಲ್ಲಿಸಿ ಹಗ್ಗ ಬಿಗಿದೆವು. ಹಿಂದೆ ಬಸ್ಸಿನಲ್ಲಿ ನಾವು. ಚಿನ್ನಿ ಗೇಟಿನ ಹತ್ತಿರ ಒಂದು ಕ್ಷಣ ನಿಂತಳು. ನಾನು ನೋಡದವಳ ಹಾಗೆ ಬುತ್ತಿಯ ಚೀಲ ಹಿಡಿಸಿದೆ. ಭಾರವಾದ ಚೀಲ, ಎರಡೂ ಕೈಯಲ್ಲಿ ಹಿಡಿದು ತೂಗಾಡುತ್ತಾ ಬಂದು ಬಸ್ಸು ಹತ್ತಿದಳು. ತಿರುವು ಬಂದಾಗ ನನ್ನ ತೊಡೆಯಲ್ಲಿ ಮುಖ ಮುಚ್ಚಿಕೊಂಡಳು. ದಾಟಿತು ಅಂತ ಹೇಳಿದ ಮೇಲೆ ಎದ್ದು ಕಿಟಕಿ ಹಿಡಿದಳು.

ಚೆಕ್‌ಪೋಸ್ಟಿನಲ್ಲಿ ಗಾರ್ಡು ಪಿಕಪ್ಪನ್ನು ನಿಲ್ಲಿಸಿದ. ಸುತ್ತ ಒಂದು ಸುತ್ತು ಬಂದು, ನಗದೆ ಕೇಳಿದ: "ಆನೆ ಸಾಗಿಸಕ್ಕೆ ಪರ್ಮಿಟ್ ಅದಾ?"

ಧರ್ಮಲಿಂಗಂ ತಬ್ಬಿಬ್ಬಾದರು. ಚಿನ್ನಿ ಬಸ್ಸಿನ ಕಿಟಕಿಯಿಂದ ತಲೆ ಹಾಕಿ, "ಅದು ಸಾಕಿದ್ದು ಸಾರ್. ನಾನೇ ಮಾವುತ," ಅಂದಳು. ಗಾರ್ಡು ಅವಳಿಗೊಂದು ಸಲ್ಯೂಟು ಹೊಡೆದು ಗೇಟು ಎತ್ತಿದ. ಬಸ್ಸಿನಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಕಲ್ಹಟ್ಟಿ ಘಾಟಿನ ತಿರುವುಗಳಲ್ಲಿ ಅರ್ಧ ಮಕ್ಕಳು ವಾಂತಿ ಮಾಡಿಕೊಂಡರು. ನಡುನಡುವೆ ಮುಂದೆ ನೋಡಿದರೆ ನಮ್ಮ ಆನೆ ಕಿವಿ ಅಲ್ಲಾಡಿಸಿಕೊಂಡು ಬೆಟ್ಟ ಹತ್ತುತ್ತಿತ್ತು. ಊಟಿ ಬಂತೆಂದು ಯಾರೂ ಹೇಳಬೇಕಾಗಲಿಲ್ಲ, ತಮಿಳು ಬೋರ್ಡನ್ನು ನಾನೇ ಓದಿದೆ.

ಮೈದಾನದಲ್ಲಿ ಎಲ್ಲೆಲ್ಲಿಂದಲೋ ಮಕ್ಕಳು ಬಂದಿದ್ದರು. ಗೂಡಲೂರಿನವರು ಚೆಂಡೆ ತಂದಿದ್ದರು, ಕೂನೂರಿನವರು ಕಾಗದದ ಹಕ್ಕಿಗಳನ್ನು ಕೋಲಿಗೆ ಕಟ್ಟಿಕೊಂಡು ಬಂದಿದ್ದರು. ನಮ್ಮ ಸರದಿ ಬಂದಾಗ ಸಂಗೀತಾ ಹಾಡು ಶುರು ಮಾಡಿದಳು. ಆನೆ ಎದ್ದಿತು. ಅದರ ಮುಂದೆ, ಅದರ ಮಂಡಿಗಿಂತ ಒಂಚೂರು ಎತ್ತರ, ಚಿನ್ನಿ. ನಡಿ ಅಂದಳು, ನಡೆಯಿತು. ತಿರುಗು ಅಂದಳು, ಅಷ್ಟು ದೊಡ್ಡ ದೇಹ ಅವಳ ಕೋಲಿನ ತುದಿ ನೋಡಿಕೊಂಡು ತಿರುಗಿತು. ಜನ ಎದ್ದು ನಿಂತರು.

ಅಷ್ಟರಲ್ಲಿ ಮಳೆ. ಊಟಿಯ ಮಳೆ ಹೇಳಿ ಕೇಳಿ ಬರುವುದಿಲ್ಲ. ಗೋಣಿಯ ಕಿವಿಗಳು ನೀರು ಕುಡಿದು ಜೋತುಬಿದ್ದವು. ತಲೆಯ ಭಾರಕ್ಕೆ ಮುಂಗಾಲಿನವರು ಕೆಸರಲ್ಲಿ ಜಾರಿ, ಆನೆ ಧಡಕ್ಕನೆ ಮಂಡಿಯೂರಿತು. ಒಳಗಿಂದ ರಾಜು, "ಅಯ್ಯೋ ನನ್ ಕಾಲು" ಅಂದದ್ದು ನನಗೆ ಕೇಳಿಸಿತು. ಎಲ್ಲ ಮುಗಿಯಿತು ಅಂದುಕೊಂಡೆ.

ಚಿನ್ನಿ ಕೋಲು ಎತ್ತಿ ಜನರ ಕಡೆ ತಿರುಗಿ ಜೋರಾಗಿ ಹೇಳಿದಳು: "ನಮ್ಮಾನೆ ಎಲ್ಲಾರ್ಗೂ ನಮಸ್ಕಾರ ಮಾಡ್ತಾ ಅದೆ."

ಆಮೇಲೆ ಚಪ್ಪಾಳೆಯೋ ಮಳೆಯೋ ತಿಳಿಯಲಿಲ್ಲ. ನನ್ನ ಕೊಡೆ ಬಿಚ್ಚಿಕೊಂಡು ಕೆಸರಲ್ಲಿ ಓಡಿ ಆನೆಯ ತಲೆಯ ಮೇಲೆ ಹಿಡಿದೆ. ಆ ಕೊಡೆ ಅದರ ಒಂದು ಕಣ್ಣಿಗೂ ಸಾಲದು. ತೇನ್ಮೊಳಿ ಇನ್ನೊಂದು ಕಡೆಯಿಂದ ದವಡೆ ಎತ್ತಿದಳು. ಒಳಗಿನವರು ನಗುತ್ತಾ, ಬೈಯುತ್ತಾ ಎದ್ದರು. ಚಿನ್ನಿ ನಡಿ ಅಂದಳು. ನಾನೂ ಕೊಡೆ ಹಿಡಿದುಕೊಂಡೇ ಮೈದಾನ ಸುತ್ತಿದೆ. ನೂರಾರು ಜನರ ಮುಂದೆ, ಒದ್ದೆ ಸೀರೆಯಲ್ಲಿ. ಮೈಸೂರಿನ ಹಾಸ್ಟೆಲಿನ ಹುಡುಗಿಯರು ನೋಡಿದ್ದರೆ ನಂಬುತ್ತಿರಲಿಲ್ಲ.

ಆಮೇಲೆ ಶಾಮಿಯಾನದೊಳಗೆ ಬಿಸಿ ಟೀ, ಊಟಿಯ ಗರಿಗರಿ ಬಿಸ್ಕತ್ತು ವರ್ಕಿ. ಗಿರಿಧರನ್ ಸಾರ್ ಪಕ್ಕಕ್ಕೆ ಕರೆದು, "ಚೆನ್ನಾಗಿತ್ತು ಅಮ್ಮ. ಆ ಹುಡುಗಿಯ ವಿಷಯ?" ಅಂದರು.

"ಕೊಯಮತ್ತೂರು ಬೇಡ ಸಾರ್."

"ಶಾಲೆಗೇ ಹೋಗದ ಮಗುವನ್ನು ಇಲ್ಲೇ ಇಟ್ಟುಕೊಂಡರೆ ಮೇಲಿನವರಿಗೆ ನಾನು ಏನು ಹೇಳಲಿ?"

"ಜೂನ್ ಎರಡಕ್ಕೆ ಶಾಲೆ ತೆಗೆಯುತ್ತೆ. ಅವತ್ತು ತನ್ನ ಕಾಲಲ್ಲಿ ನಡೆದು ಹೋಗದಿದ್ದರೆ ನಾನೇ ಕೊಯಮತ್ತೂರಿನ ಬಸ್ಸು ಹತ್ತಿಸುತ್ತೇನೆ."

ಅವರು ಸರಿ ಅಂದರು. ಮೈಸೂರಿನಲ್ಲಿ ಜೂನ್‌ಗೆ ಒಂದು ಜಾಗ ಖಾಲಿಯಾಗುತ್ತದೆ, ನಿಮ್ಮ ಹೆಸರು ಹೇಳಲೇ ಅಂತಲೂ ಕೇಳಿದರು. ಅಷ್ಟರಲ್ಲಿ ರಾಜು ಮೂರನೇ ವರ್ಕಿ ಎತ್ತಿಕೊಳ್ಳುತ್ತಿದ್ದ. ಅವನನ್ನು ಹಿಡಿಯಲು ಹೋದೆ. ವಾಪಸ್ಸು ಬರುವಷ್ಟರಲ್ಲಿ ಸಾರ್ ಹೊರಟುಹೋಗಿದ್ದರು.

ಮೇ 11, ಭಾನುವಾರ

ಸೊಂಟ ನೋವು. ಎಲ್ಲರಿಗೂ ನೆಗಡಿ. ಒಳ್ಳಿತ್ತು.

ಜೂನ್ 1, ಭಾನುವಾರ

ನಾಳೆ ಶಾಲೆ. ಚಿನ್ನಿಯ ಹೊಸ ಯೂನಿಫಾರಂ ಇಸ್ತ್ರಿ ಮಾಡಿ ಮಡಿಸಿಟ್ಟೆ. ಮತ್ತೆ ಬಿಚ್ಚಿ ಇನ್ನೊಂದು ಸಲ ಮಾಡಿದೆ. ಅಜ್ಜಿ ಬಂದು ತಲೆಗೆ ಎಣ್ಣೆ ಹಚ್ಚಿ ಬಾಚಿ ಹೋದಳು. ಹೋಗುವಾಗ ನನ್ನ ಕೈ ಹಿಡಿದು, "ನೀ ಇದ್ದೀಯಲ್ಲವ್ವ," ಅಂದಳು. ಇದ್ದೇನೆ ಅಂದೆ.

ಜೂನ್ 2, ಸೋಮವಾರ

ಬೆಳಿಗ್ಗೆ ಮಾರ ಬಂದ. ಮಕ್ಕಳು ಸಾಲಾಗಿ ನಿಂತರು. ಚಿನ್ನಿ ಕಂಬದ ಪಕ್ಕ ನಿಂತಿದ್ದಳು, ಹಿಡಿದಿರಲಿಲ್ಲ. "ನೀವೂ ಬರ್ತೀರಾ?" ಅಂದಳು. ಬಾರದೆ ಏನು ಅಂದೆ. ನನ್ನ ಕಿರುಬೆರಳು ಹಿಡಿದು ಗೇಟು ದಾಟಿದಳು.

ತಿರುವಿಗೆ ಸ್ವಲ್ಪ ಮುಂಚೆ ಮಾರ ಕೈ ಎತ್ತಿದ. ಎಲ್ಲರೂ ನಿಂತೆವು. ಬಹಳ ಮುಂದೆ, ರಸ್ತೆಯ ಬಲಗಡೆ ಪೊದೆ ಅಲುಗಿತು. ಹೆಣ್ಣಾನೆ ಒಂದು ಹೊರಗೆ ಬಂತು. ಅದರ ಹಿಂದೆ ಮರಿ. ಚಿನ್ನಿಯ ಬೆರಳು ನನ್ನ ಬೆರಳನ್ನು ಎಷ್ಟು ಬಿಗಿಯಾಗಿ ಹಿಡಿಯಿತು ಎಂದರೆ ಉಂಗುರ ಒತ್ತಿ ಈಗಲೂ ಗುರುತಿದೆ. ಮಾರ ನಮ್ಮನ್ನು ಸದ್ದಿಲ್ಲದೆ ಹಿಂದಕ್ಕೆ ಸರಿಸಿ ಅಂಗಡಿಯೊಂದರ ಗೋಡೆಯ ಮರೆಗೆ ನಿಲ್ಲಿಸಿದ. ಅಲ್ಲಿಂದ ಚಿನ್ನಿ ತಲೆ ಹಾಕಿ ನೋಡುತ್ತಲೇ ಇದ್ದಳು. ನಾನು ಅವಳ ಭುಜ ಹಿಡಿದು ಒಳಗೆ ಎಳೆದುಕೊಳ್ಳಬೇಕೆಂದಿದ್ದೆ. ಎಳೆಯಲಿಲ್ಲ.

ತಾಯಿ ರಸ್ತೆಯ ಮಧ್ಯೆ ನಿಂತು ಕಾಯಿತು. ಮರಿ ಚರಂಡಿಯ ಅಂಚಿನಲ್ಲಿ ಹೆಜ್ಜೆ ಇಡಲು ಹೆದರಿ ಹಿಂದೆ ಮುಂದೆ ಆಡಿತು. ಕೊನೆಗೆ ತಾಯಿ ವಾಪಸ್ಸು ಹೋಗಿ ಸೊಂಡಿಲಿನಿಂದ ಅದರ ಹಿಂಬದಿಯನ್ನು ತಳ್ಳಿತು. ಮರಿ ಜಾರಿ ಇಳಿದು, ಎದ್ದು, ಓಡಿ ದಾಟಿತು. ನನ್ನ ಪಕ್ಕದಲ್ಲಿ ಯಾರೋ ಕಿಸಕ್ಕೆಂದು ನಕ್ಕರು. ನೋಡಿದರೆ ಚಿನ್ನಿ.

ಪೊದೆ ಅಲುಗುವುದು ಪೂರ್ತಿ ನಿಲ್ಲುವವರೆಗೆ ಕಾದು, ಮಾರ ಹೋಗಿ ನೋಡಿ ಬಂದ ಮೇಲೆ ಹೊರಟೆವು. ತಿರುವಿನಲ್ಲಿ ಚಿನ್ನಿ ನನ್ನ ಕೈ ಬಿಟ್ಟು ಹಳ್ಳದ ಅಂಚಿಗೆ ಹೋಗಿ ನಿಂತಳು. ಇಲ್ಲೇನಾ ಎಂದು ಮಾರನನ್ನು ಕಣ್ಣಲ್ಲೇ ಕೇಳಿದಳು. ಅವನು ತಲೆ ಆಡಿಸಿದ. ಜಡೆಯಿಂದ ಸೇವಂತಿಗೆ ತೆಗೆದು ಅಲ್ಲಿಟ್ಟಳು. ಉಳಿದ ಮಕ್ಕಳು ಅವಳು ಬರುವವರೆಗೆ ನಿಂತರು, ರಾಜು ಕೂಡ ಸದ್ದಿಲ್ಲದೆ. ಆಮೇಲೆ ಎಲ್ಲರೂ ಓಡಿದರು. ನಾನು ಹಿಂದೆ ಏದುಸಿರು ಬಿಡುತ್ತಾ ಓಡಿದೆ.

ಶಾಲೆಯಲ್ಲಿ ಪ್ರಾರ್ಥನೆ ಮುಗಿದಿತ್ತು. ನಂಜುಂಡನ್ ಸಾರ್ ಬಾಗಿಲಲ್ಲೇ ನಿಂತಿದ್ದರು.

"ಮೊದಲ ದಿನವೇ ಯಾಕೆ ಲೇಟು?"

ಮಕ್ಕಳು ನನ್ನ ಮುಖ ನೋಡಿದರು. ನನಗೆ ಉಸಿರೇ ಸಿಕ್ಕಿರಲಿಲ್ಲ. ಚಿನ್ನಿ ಮುಂದೆ ಬಂದು ಚೀಲ ಸರಿಮಾಡಿಕೊಂಡಳು.

"ಆನೆ ದಾಟ್ತಿತ್ತು ಸಾರ್," ಅಂದಳು. "ಮರಿ ಇತ್ತು. ಅದ್ಕೇ ನಿಧಾನ ಆಯ್ತು."

"ಸರಿ, ಒಳಗೆ ಹೋಗು," ಅಂದರು.

ಐದನೇ ಕ್ಲಾಸು ಎಲ್ಲಿದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಹುಣಸೆ ಮಿಠಾಯಿಯ ಹುಡುಗಿ ಎದ್ದು ಬಂದು ಕೈ ಹಿಡಿದುಕೊಂಡು ಹೋದಳು. ಚಿನ್ನಿ ಒಂದು ಸಲ ತಿರುಗಿ ನೋಡುತ್ತಾಳೆ ಎಂದು ಕಾದು ನಿಂತೆ. ನೋಡಲಿಲ್ಲ. ಆಗಲೇ ಇಬ್ಬರೂ ಏನೋ ಮಾತಾಡುತ್ತಿದ್ದರು.

ಮಾರನ ಜೊತೆ ವಾಪಸ್ಸು ಬಂದು ಕಾಫಿ ಮಾಡಿಕೊಂಡು ಕುಡಿದೆ. ನಾಳೆ ಸ್ವಲ್ಪ ಬೇಗ ಹೊರಡಬೇಕು.